ವೀಸಾ ಬೇಡದ ದ್ವೀಪಕ್ಕೆ ವೀಸಾ ಯಾಕೆ?

ಶಿರಸಿಯ ಓದುಗರೊಬ್ಬರ ಪತ್ರದ ಸಾರ: ‘ಉತ್ತರ ಧ್ರುವದ ಬಳಿಯ ಸ್ವಾಲ್ಬಾರ್ಡ್‌ಗೆ ಯಾವ ದೇಶದವರಿಗೂ ವೀಸಾ ಬೇಡವೆಂದು ಕೇಳಿದ್ದೆ. ಟ್ರಾವೆಲ್ ಏಜೆಂಟರು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಬೇಕೇ ಬೇಕು ಅನ್ನುತ್ತಾರೆ. ಯಾರ ಮಾತು ನಿಜ? ಅಲ್ಲಿನ ಲಾಂಗ್‌ಇಯರ್‌ಬೀನ್ ಊರಿನಲ್ಲಿ ಹಳೆಯದೇನು ಉಳಿದಿದೆ? ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವನ್ನು ನೋಡಬಹುದೇ?’

ಸಂಪಾದಕರ ಉತ್ತರ: ಎರಡೂ ನಿಜ. 1920ರ ಪ್ಯಾರಿಸ್ ಒಪ್ಪಂದದಂತೆ ಸ್ವಾಲ್ಬಾರ್ಡ್ ನಾರ್ವೆಯದು. ಆದರೂ ದ್ವೀಪಕ್ಕೆ ಕಾಲಿಡಲು ವೀಸಾ ಕೇಳುವುದಿಲ್ಲ. ತೊಡಕಿರುವುದು ದಾರಿಯಲ್ಲಿ. ವಿಮಾನ ಹೊರಡುವುದು ಓಸ್ಲೊ ಅಥವಾ ಟ್ರೊಮ್ಸೊದಿಂದ. ನಾರ್ವೆಯ ಮುಖ್ಯ ಭೂಭಾಗ ಷೆಂಗೆನ್ ವಲಯದ ಒಳಗಿದೆ, ಸ್ವಾಲ್ಬಾರ್ಡ್ ಹೊರಗಿದೆ. ಹೋಗುವಾಗ ನೀವು ಷೆಂಗೆನ್‌ನಿಂದ ಹೊರಬೀಳುತ್ತೀರಿ, ಮರಳುವಾಗ ಎರಡನೇ ಸಲ ಒಳಬರುತ್ತೀರಿ. ಒಂದೇ ಪ್ರವೇಶದ ವೀಸಾ ಓಸ್ಲೊದಲ್ಲಿ ಇಳಿದಾಗಲೇ ಮುಗಿದಿರುತ್ತದೆ.

ಆದ್ದರಿಂದ ಅರ್ಜಿಯಲ್ಲಿ ಎರಡು ಪ್ರವೇಶ ಕೇಳಿ, ಪ್ರಯಾಣದ ವಿವರದಲ್ಲಿ ಸ್ವಾಲ್ಬಾರ್ಡ್ ಎಂದು ಸ್ಪಷ್ಟವಾಗಿ ಬರೆಯಿರಿ. ಪಾಸ್‌ಪೋರ್ಟ್ ಕೈಸೇರಿದ ಕೂಡಲೇ ಸ್ಟಿಕ್ಕರಿನಲ್ಲಿ ಪ್ರವೇಶಗಳ ಸಂಖ್ಯೆ ನೋಡಿ. 01 ಎಂದಿದ್ದರೆ ಟಿಕೆಟ್ ಮಾಡಿಸುವ ಮುನ್ನವೇ ವಿಚಾರಿಸಿ. ವಿಮೆಯಲ್ಲೂ ಇದೇ ಎಚ್ಚರ ಬೇಕು. ವೀಸಾಕ್ಕೆ 30,000 ಯೂರೋ ವಿಮೆ ಸಾಕು, ಆದರೆ ‘ಷೆಂಗೆನ್ ದೇಶಗಳಿಗೆ ಮಾತ್ರ’ ಎಂದಿರುವ ಪಾಲಿಸಿಯನ್ನು ದ್ವೀಪದಲ್ಲಿ ನಂಬಿ ಕೂರಬೇಡಿ. ಅಲ್ಲಿಯ ಆಸ್ಪತ್ರೆ ಚಿಕ್ಕದು, ಕಾಯಿಲೆ ಜೋರಾದರೆ ವಿಮಾನದಲ್ಲಿ ಟ್ರೊಮ್ಸೊಗೆ ಒಯ್ಯುತ್ತಾರೆ. ಆ ಖರ್ಚು ಪಾಲಿಸಿಯಲ್ಲಿರಬೇಕು.

ಇನ್ನು ಊರು. ಕಲ್ಲಿದ್ದಲಿಗಾಗಿ ಅಮೆರಿಕದ ಜಾನ್ ಮನ್ರೊ ಲಾಂಗ್‌ಇಯರ್ 1906ರಲ್ಲಿ ಕಟ್ಟಿಸಿದ ವಸತಿ ಇದು. 1943ರಲ್ಲಿ ಜರ್ಮನ್ ಯುದ್ಧನೌಕೆಗಳ ದಾಳಿಗೆ ಬಹುಪಾಲು ಸುಟ್ಟುಹೋಯಿತು. ಹಾಗಾಗಿ ಹಳೆಯದನ್ನು ಹುಡುಕುವವರು ಮನೆಗಳಿಗಿಂತ ಮೊದಲು ಬೆಟ್ಟದ ಇಳಿಜಾರು ನೋಡಬೇಕು: ಕಲ್ಲಿದ್ದಲಿನ ತೊಟ್ಟಿಗಳನ್ನು ತೂಗಿ ಸಾಗಿಸುತ್ತಿದ್ದ ರೋಪ್‌ವೇಯ ಮರದ ಚೌಕಟ್ಟುಗಳು ಇಂದಿಗೂ ಸಾಲಾಗಿ ನಿಂತಿವೆ. 1946ಕ್ಕಿಂತ ಹಿಂದಿನ ಮಾನವ ಕುರುಹೆಲ್ಲ ಅಲ್ಲಿ ತಾನಾಗಿಯೇ ಸಂರಕ್ಷಿತ. ತುಕ್ಕು ಹಿಡಿದ ಮೊಳೆ, ಡಬ್ಬಿ, ಹಲಗೆಯ ಚೂರು ಎಲ್ಲವೂ ಇದರಲ್ಲಿ ಸೇರಿವೆ. ಅವುಗಳನ್ನು ಎತ್ತಿಕೊಳ್ಳುವುದಿರಲಿ, ಜರುಗಿಸುವುದೂ ಅಪರಾಧ. ಇಷ್ಟು ಬಿಗಿಯಾದ ಕಾನೂನು ಇರಬೇಕಾದದ್ದೇ. ಪ್ರತಿ ಪ್ರವಾಸಿ ಒಂದೊಂದು ಮೊಳೆ ಜೇಬಿಗಿಳಿಸಿದರೂ ಊರಿನ ಚರಿತ್ರೆ ಬರಿದಾಗುತ್ತದೆ.

ಮನೆಗಳ ಅಡಿಗೂ ಬಗ್ಗಿ ನೋಡಿ. ಸದಾ ಹೆಪ್ಪುಗಟ್ಟಿದ ನೆಲದ ಮೇಲೆ ನೇರ ಕಟ್ಟಿದರೆ ಒಳಗಿನ ಬಿಸಿಗೆ ಹೆಪ್ಪು ಕರಗಿ ಗೋಡೆ ಕುಸಿಯುತ್ತದೆ. ಅದಕ್ಕೇ ಕಂಬಗಳ ಮೇಲೆ ಮನೆ, ಅಡಿಯಲ್ಲಿ ಗಾಳಿಯಾಡಲು ಜಾಗ. ಮರದ ಕಂಬ ಆಳದಲ್ಲಿ ಕೆಡುವುದಿಲ್ಲ. ಬೇಸಿಗೆಯಲ್ಲಿ ಕರಗುವ ಮೇಲ್ಪದರದಲ್ಲಿ ಕೊಳೆಯುತ್ತದೆ. ಆ ಪದರ ದಪ್ಪವಾಗುತ್ತಿರುವುದೇ ಈಗಿನ ಚಿಂತೆ.

‘ಹಿಮಾದ್ರಿ’ ಇರುವುದು ಇದೇ ದ್ವೀಪದ ನ್ಯೂ-ಓಲೆಸುಂಡ್‌ನಲ್ಲಿ, ಲಾಂಗ್‌ಇಯರ್‌ಬೀನ್‌ನಿಂದ 100 ಕಿ.ಮೀ.ಗೂ ಹೆಚ್ಚು ವಾಯವ್ಯಕ್ಕೆ. ರಸ್ತೆಯಿಲ್ಲ. ಪ್ರವಾಸಿಗರಿಗೆ ಬೇಸಿಗೆಯ ಹಡಗೇ ಗತಿ. ಕೇಂದ್ರವನ್ನು ಹೊರಗಿನಿಂದ ನೋಡಬಹುದು, ಆಹ್ವಾನವಿಲ್ಲದೆ ಒಳಗೆ ಬಿಡುವುದಿಲ್ಲ. 2008ರಲ್ಲಿ ಶುರುವಾದ ಕೇಂದ್ರಕ್ಕೆ 2023ರ ಡಿಸೆಂಬರ್‌ನಲ್ಲಿ ಮೊದಲ ಚಳಿಗಾಲದ ತಂಡ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ನ್ಯೂ-ಓಲೆಸುಂಡ್‌ನ ರೇಡಿಯೊ ದೂರದರ್ಶಕಕ್ಕೆ ಅಡ್ಡಿಯಾಗದಿರಲು ಸುತ್ತಲಿನ 20 ಕಿ.ಮೀ. ವ್ಯಾಪ್ತಿಯಲ್ಲಿ ವೈಫೈ, ಬ್ಲೂಟೂತ್ ಆರಿಸಬೇಕು. ಫೋನಿನದು ನೆನಪಿರುತ್ತದೆ, ಕೈಗಡಿಯಾರ ಮತ್ತು ಇಯರ್‌ಬಡ್‌ನದು ಮರೆಯುತ್ತದೆ. ಅವನ್ನು ಹಡಗು ಈ ವ್ಯಾಪ್ತಿಗೆ ಬರುವ ಮೊದಲೇ ಆಫ್ ಮಾಡಿ.