ಬೆಂಗಳೂರು–ಮಂಗಳೂರು ವಿಮಾನ: ದೂರ ಎಷ್ಟು, ಹೊತ್ತು ಎಷ್ಟು?

ಜಯನಗರದ ಮನೆಯಿಂದ ಮಂಡಿನೋವಿರುವ ಅಮ್ಮನನ್ನು ಜುಲೈನಲ್ಲಿ ಮಂಗಳೂರಿನ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕು, ವಿಮಾನದಲ್ಲಿ ದೂರ ಎಷ್ಟು, ಹೊತ್ತು ಎಷ್ಟು ಎಂದು ಕೇಳಿದ್ದೀರಿ.

ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನದು ಇರುವ ಬಜ್ಪೆಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ 305 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಅಂತಲೋ, ಫ್ಯಾನಿನ ಚಿಕ್ಕ ಎಟಿಆರ್ ವಿಮಾನವಾದರೆ ಇನ್ನೊಂದು ಹತ್ತು ನಿಮಿಷ ಜಾಸ್ತಿಯೋ ಇರುತ್ತದೆ. ಅಷ್ಟೂ ಹೊತ್ತು ಆಕಾಶದಲ್ಲಿರುವುದಿಲ್ಲ. ಬಾಗಿಲು ಹಾಕಿ ವಿಮಾನ ಕದಲಿದಲ್ಲಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ಹಾರಾಟ ಮುಕ್ಕಾಲು ಗಂಟೆ ಇದ್ದರೆ ಹೆಚ್ಚು. ಮೇಲೇರಿ ನೀರು ಕುಡಿಯುವಷ್ಟರಲ್ಲಿ ಬೆಲ್ಟ್ ಹಾಕಿಕೊಳ್ಳಿ ಅನ್ನುತ್ತಾರೆ.

ಆದರೆ ಮಂಗಳೂರು ಇರುವುದು ಪಶ್ಚಿಮಕ್ಕೆ, ನೀವು ಮೊದಲು ಹೋಗಬೇಕಾದ್ದು ಉತ್ತರಕ್ಕೆ! ಜಯನಗರದಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಸಂಜೆಯಾದರೆ ಎರಡು. ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುವುದರಿಂದ ಅಲ್ಲೊಂದು ಒಂದೂವರೆ ಗಂಟೆ. ಇಳಿದ ಮೇಲೆ ಲಗೇಜು, ಟ್ಯಾಕ್ಸಿ, ಊರಿಗೆ ಬರಲು ಹದಿಮೂರು ಕಿ.ಮೀ. ದಾರಿ. ನಾನು ಪ್ರತಿ ಸಲ ಗಡಿಯಾರ ನೋಡಿದ್ದೇನೆ, ಮನೆಯಿಂದ ಮನೆಗೆ ಐದು ಗಂಟೆಗೆ ಕಡಿಮೆ ಆದದ್ದೇ ಇಲ್ಲ. ಹಾಸನ, ಶಿರಾಡಿ ಮೇಲೆ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ಕಾರಿಗೆ ಏಳು ಗಂಟೆ, ಬಸ್ಸಿಗೆ ಎಂಟು. ಉಳಿಯುವುದು ಎರಡು ಮೂರು ಗಂಟೆ ಮಾತ್ರ. ಊರೊಳಗೇ ಇದ್ದ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದ ಕಾಲದಲ್ಲಿ, ಅಂದರೆ 2008ರ ಮೇ ತಿಂಗಳವರೆಗೆ, ಈ ಲೆಕ್ಕವೇ ಬೇರೆ ಇತ್ತು.

ನನ್ನ ಮನೆ ಉಪ್ಪಿನಂಗಡಿಯ ಹತ್ತಿರ. ವಿಮಾನದಲ್ಲಿ ಹೋದರೆ ಊರು ದಾಟಿ ಮುಂದೆ ಹೋಗಿ, ಬಜ್ಪೆಯಲ್ಲಿಳಿದು ಮತ್ತೆ ಬೆಂಗಳೂರಿನ ದಿಕ್ಕಿಗೇ ವಾಪಸ್ಸು ಬರಬೇಕು. ಹಾಗಾಗಿ ನನಗೆ ರಾತ್ರಿ ಬಸ್ಸೇ ಸರಿ, ಬೆಳಗಿನ ಜಾವ ಪೇಟೆಯಲ್ಲೇ ಇಳಿಸುತ್ತದೆ. ನಿಮ್ಮ ಅಕ್ಕನ ಮನೆ ಮಂಗಳೂರು ಪೇಟೆಯಲ್ಲೇ ಇದ್ದರೆ ಮಾತು ಬೇರೆ.

ಜುಲೈ ಅಂದಿದ್ದೀರಿ, ಅದೇ ನನಗೆ ಯೋಚನೆ. ಬಜ್ಪೆಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು, ಮಳೆಗಾಲದಲ್ಲಿ ಮೋಡ ಬಂದು ಅದರ ಮೇಲೇ ಕೂತುಬಿಡುತ್ತದೆ. ಒಂದು ಸಲ ಅರ್ಧ ಗಂಟೆ ಮೇಲೆಯೇ ಸುತ್ತಿ, ಇಳಿಯಲಾಗದೆ, ನಮ್ಮನ್ನು ತಿರುಗಿ ದೇವನಹಳ್ಳಿಗೇ ತಂದು ಬಿಟ್ಟರು. ಆ ದಿನ ಬಸ್ಸಿನಲ್ಲಿ ಬಂದ ತಮ್ಮ ನನಗಿಂತ ಮೊದಲೇ ಮನೆ ಸೇರಿ ಗಂಜಿ ಉಂಡು ಮಲಗಿದ್ದ. ಹಾಗಂತ ನೆಲದ ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈ ಕೊನೆಗೆ ಘಟ್ಟದ ರೈಲು ದಾರಿಯಲ್ಲಿರುವ ಎಡಕುಮೇರಿಯ ಹತ್ತಿರ ಗುಡ್ಡ ಜರಿದು ರೈಲು ದಿನಗಟ್ಟಲೆ ನಿಂತಿತ್ತು, ಶಿರಾಡಿ ರಸ್ತೆಯ ಕತೆಯೂ ಅಷ್ಟೇ.

ಇಷ್ಟೆಲ್ಲ ಹೇಳಿಯೂ, ಮಂಡಿನೋವಿನ ಅಮ್ಮನಿಗೆ ನಾನಾದರೆ ವಿಮಾನವನ್ನೇ ಮಾಡುತ್ತೇನೆ. ಎಂಟು ಗಂಟೆ ಕಾಲು ಮಡಿಸಿ ಕೂರುವುದು, ನಡುರಾತ್ರಿ ಹೋಟೆಲಿನ ಮುಂದೆ ಬಸ್ಸಿನ ಮೆಟ್ಟಿಲಿಳಿದು ಶೌಚಾಲಯ ಹುಡುಕುವುದು ಅವರಿಂದಾಗದು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕೆಂದು ಹೇಳಿಬಿಡಿ. ಆ ದಿನದ ಕೊನೆಯ ವಿಮಾನ ಮಾತ್ರ ಬೇಡ, ರದ್ದಾದರೆ ಅಮ್ಮನನ್ನು ಕರೆದುಕೊಂಡು ರಾತ್ರಿಯೆಲ್ಲ ಅಲ್ಲೇ ಕಾಯಬೇಕಾಗುತ್ತದೆ.