ಮನೆಯಿಂದಲೇ ಕೆಲಸ ಮಾಡುತ್ತೇನೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ತಲೆಯಲ್ಲಿ ಕೆಲಸ ಓಡುತ್ತಲೇ ಇರುತ್ತದೆ. ದಿನವನ್ನು ಮುಗಿಸುವುದು ಹೇಗೆ?

ಬಾಕಿಯನ್ನು ಬರೆದಿಟ್ಟು ಏಳಿ. ನನ್ನ ಅನುಭವದಲ್ಲಿ ಉಳಿದದ್ದೆಲ್ಲ ಇದರ ನಂತರದ್ದು.

ನಾನು ಸಣ್ಣ ಉದ್ದಿಮೆಗಳ ಜಿಎಸ್‌ಟಿ ಲೆಕ್ಕ ನೋಡುವವಳು. ತಿಂಗಳ ರಿಟರ್ನ್ಸ್ ಎಂದರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಒಂದರ ಗಡುವು ದಾಟುವಷ್ಟರಲ್ಲಿ ಇನ್ನೊಂದು ಎದುರಿಗಿರುತ್ತದೆ. ಎಲ್ಲ ಮುಗಿಸಿಯೇ ಏಳುತ್ತೇನೆಂದರೆ ಏಳುವ ಹೊತ್ತೇ ಬರುವುದಿಲ್ಲ.

ಹಾಗಾಗಿ ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಹೊಸ ಮೇಲ್ ತೆರೆಯುವುದನ್ನು ನಿಲ್ಲಿಸಿ ನೋಟ್‌ಬುಕ್ ತೆಗೆಯುತ್ತೇನೆ. ‘2ಬಿ (ಮಾರಿದವರು ಸಲ್ಲಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ತಾಳೆ ನೋಡಬೇಕು’ ಎಂದಷ್ಟೇ ಬರೆದರೆ ಸಾಲದು, ಅದು ರಾತ್ರಿಯೂ ಕಾಡುತ್ತದೆ. ‘ಪೀಣ್ಯದವರ ಎರಡು ಬಿಲ್ 2ಬಿಯಲ್ಲಿ ಬಂದಿಲ್ಲ. ಬೆಳಿಗ್ಗೆ ಹತ್ತಕ್ಕೆ ಅವರ ಲೆಕ್ಕಿಗರಿಗೆ ಫೋನ್. ಬಿಲ್ ಪ್ರತಿ ಹಸಿರು ಫೈಲಿನಲ್ಲಿದೆ’ ಎಂದು ಬರೆದರೆ ಮನಸ್ಸಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 57 ಯುವಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ವಿವರವಾಗಿತ್ತೋ ನಿದ್ದೆ ಅಷ್ಟು ಬೇಗ ಬಂತು.

ನನ್ನ ಉತ್ತರಕ್ಕೆ ಯಾರಾದರೂ ಕಾದಿದ್ದರೆ ‘ನಾಳೆ ಮಧ್ಯಾಹ್ನದೊಳಗೆ ಕಳುಹಿಸುತ್ತೇನೆ’ ಎಂದು ಒಂದು ಸಾಲು ಹಾಕಿ, ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಬೀರುವಿನೊಳಗೆ ಇಡುತ್ತೇನೆ. ಮೇಜಿನ ಮೇಲೆ ಕಣ್ಣಿಗೆ ಬೀಳುತ್ತಿದ್ದರೆ ಕೈ ಸುಮ್ಮನಿರದು. ಆಮೇಲೆ ಕೈಕಾಲು, ಮುಖ ತೊಳೆಯುತ್ತೇನೆ. ಹೊರಗಿನಿಂದ ಬಂದವರು ತೊಳೆಯುತ್ತಾರಲ್ಲ, ಹಾಗೆಯೇ. ನಮಗೆ ದಾರಿಯಿಲ್ಲ, ಬಸ್ಸಿಲ್ಲ, ಮನೆಗೆ ಬಂದೆವೆಂದು ದೇಹಕ್ಕೆ ತಿಳಿಸಲು ಬೇರೇನೂ ಇಲ್ಲ. ಇದನ್ನು ದಯವಿಟ್ಟು ಸಣ್ಣದೆಂದು ಬಿಡಬೇಡಿ. ಸೊಪ್ಪೋ ಹಾಲೋ ತರಲು ಮೊಬೈಲ್ ಇಲ್ಲದೆ ಬೀದಿಗೆ ಹೋಗಿಬಂದರಂತೂ ಇನ್ನೂ ಒಳ್ಳೆಯದು.

ರಾತ್ರಿ ಏನಾದರೂ ನೆನಪಾದರೆ ನೋಟ್‌ಬುಕ್ಕಿಗೆ ಒಂದು ಸಾಲು ಸೇರಿಸಿ, ಬೀರು ತೆಗೆಯಬೇಡಿ. 20ರ ಹಿಂದುಮುಂದಿನಂತಹ ದಿನಗಳಲ್ಲಿ ಆರಕ್ಕೆ ಏಳಲು ಆಗುವುದಿಲ್ಲ, ನಿಜ. ಒಂಬತ್ತಕ್ಕೆ ಎದ್ದರೂ ಆ ಹತ್ತು ನಿಮಿಷ ಬರೆದೇ ಏಳಿ. ನಿದ್ದೆ ಕೆಡುವುದು ಅಂಥ ದಿನಗಳಲ್ಲೇ ಹೆಚ್ಚು.