ಇಳಿಸಿದ ತೂಕ ಮರಳಿ ಬಂದಾಗ: ಉತ್ಸಾಹಕ್ಕಾಗಿ ಕಾಯುತ್ತಾ ಕೂರಬೇಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ನಿಲ್ಲುವುದೇ ಇಲ್ಲ. ಗುಬ್ಬಿ, ಮಧುಗಿರಿ, ಶಿರಾ ಕಡೆಯಿಂದ ಬರೆಯುವವರೂ, ತುಮಕೂರಿನ ನನ್ನ ಕ್ಲಿನಿಕ್ಕಿನಲ್ಲಿ ಚೀಟಿ ಹಿಡಿದು ಕಾಯುವವರೂ ಅದನ್ನೇ ಕೇಳುತ್ತಾರೆ: ಕಷ್ಟಪಟ್ಟು ಇಳಿಸಿದ ತೂಕ ಮತ್ತೆ ಬಂದಿದೆ, ಇನ್ನೊಮ್ಮೆ ಶುರು ಮಾಡಲು ಉತ್ಸಾಹವನ್ನು ಎಲ್ಲಿಂದ ತರುವುದು? ಇದಕ್ಕೆ ಪುಡಿ ಮಾರುವವರೂ ಮೊಬೈಲಿನಲ್ಲಿ ಭಾಷಣ ಮಾಡುವವರೂ ಕೊಡುತ್ತಿರುವ ಉತ್ತರಗಳು ಜನರಿಗೆ ಹಾನಿ ಮಾಡುತ್ತಿರುವುದರಿಂದ ಈ ಬಾರಿಯ ಹೆಚ್ಚಿನ ಜಾಗವನ್ನು ಒಂದೇ ಪತ್ರಕ್ಕೆ ಕೊಟ್ಟಿದ್ದೇನೆ. ಕರಿದ ತಿಂಡಿ, ಸಿಹಿ, ಬೇಕರಿ ಪದಾರ್ಥಗಳನ್ನು ಕಡಿಮೆ ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಮತ್ತೆ ಬರೆಯುವುದಿಲ್ಲ. ಮೊದಲು ಚಿಕ್ಕ ಪ್ರಶ್ನೆಗಳನ್ನು ಮುಗಿಸುತ್ತೇನೆ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜೀರಿಗೆ ನೀರು ಕುಡಿದರೆ ಮತ್ತೆ ಬಂದ ಬೊಜ್ಜು ಕರಗುತ್ತದೆಯೇ? (ಮಧುಗಿರಿ)

ಉತ್ತರ: ಕರಗುವುದಿಲ್ಲ. ನಿಂಬೆರಸ, ಜೇನುತುಪ್ಪ ಬೆರೆಸಿದ ಬಿಸಿನೀರಿಗೂ ಇದೇ ಉತ್ತರ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ರಕ್ತಪರೀಕ್ಷೆ ಸರಿಯಾಗಿದೆ. ಆದರೂ 15 ಕೆ.ಜಿ. ಹೆಚ್ಚಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸಬಹುದೇ? (ತುಮಕೂರು)

ಉತ್ತರ: ಕೂಡದು. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆ.ಜಿ.ಗಳಷ್ಟು, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ತೂಕ ಇಳಿಸಲೆಂದು ಮಾತ್ರೆ ಹೆಚ್ಚಿಸಿಕೊಂಡರೆ ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಪ್ರಶ್ನೆ: ನನಗೆ 43 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕಿ. ಅನ್ನ, ಮುದ್ದೆ ಪೂರ್ತಿ ಬಿಟ್ಟು, ರಾತ್ರಿ ಬರೀ ಸೌತೆಕಾಯಿ, ಮಜ್ಜಿಗೆಯಲ್ಲಿ ಇದ್ದು, ದಿನಾ ಒಂದು ಗಂಟೆ ನಡೆದು, ಏಳು ತಿಂಗಳಲ್ಲಿ 82 ಕೆ.ಜಿ.ಯಿಂದ 68ಕ್ಕೆ ಇಳಿದಿದ್ದೆ. ಆಮೇಲೆ ಅತ್ತೆಯವರು ಬಿದ್ದು ಸೊಂಟದ ಮೂಳೆ ಮುರಿಯಿತು. ಅವರ ಆರೈಕೆಯಲ್ಲಿ ನಡಿಗೆ ನಿಂತಿತು, ಊಟದ ಹೊತ್ತು ತಪ್ಪಿತು. ಈಗ 80 ಕೆ.ಜಿ. ಇದ್ದೇನೆ. ಜೊತೆಯಲ್ಲಿ ವಾಕಿಂಗ್ ಬರುತ್ತಿದ್ದ ಗೆಳತಿಯರು ಕಂಡರೆ ರಸ್ತೆ ಬದಲಿಸುತ್ತೇನೆ. ಪ್ರತಿ ಸೋಮವಾರ ಶುರು ಮಾಡಬೇಕೆಂದುಕೊಳ್ಳುತ್ತೇನೆ, ಮನಸ್ಸೇ ಏಳುತ್ತಿಲ್ಲ. ದಯವಿಟ್ಟು ಸ್ಫೂರ್ತಿ ಬರುವಂಥ ನಾಲ್ಕು ಮಾತು ಹೇಳಿ. (ಶಿರಾ)

ಉತ್ತರ: ಸ್ಫೂರ್ತಿಯ ಮಾತುಗಳನ್ನು ನಾನು ಹೇಳುವುದಿಲ್ಲ, ಏಕೆಂದರೆ ನಿಮಗೆ ಕೊರತೆಯಾಗಿರುವುದು ಅದಲ್ಲ. ಏಳು ತಿಂಗಳು ಮುದ್ದೆಯ ಊರಿನಲ್ಲಿ ಮುದ್ದೆ ಬಿಟ್ಟು, ಸಂಸಾರ ಮತ್ತು ಶಾಲೆ ಎರಡನ್ನೂ ನಿಭಾಯಿಸಿಕೊಂಡು 14 ಕೆ.ಜಿ. ಇಳಿಸಿದವರಿಗೆ ಛಲವಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ನನ್ನಲ್ಲಿಗೆ ಬರುವ ಅನೇಕರು ತೂಕದ ಯಂತ್ರ ಹತ್ತಿದ ಕೂಡಲೇ ಅಂಕಿಯನ್ನು ನೋಡದೆ ಗೋಡೆಯ ಕ್ಯಾಲೆಂಡರ್ ಕಡೆ ಮುಖ ತಿರುಗಿಸುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ‘ಗೊತ್ತು ಡಾಕ್ಟ್ರೇ, ಹೇಳಬೇಡಿ’ ಎನ್ನುತ್ತಾರೆ. ಅವರೂ ನಿಮ್ಮ ಹಾಗೆಯೇ, ದೇಹ ಮಾಡಿದ ಕೆಲಸವನ್ನು ತಮ್ಮ ಗುಣದ ದೋಷವೆಂದು ತಿಳಿದು ತಲೆ ತಗ್ಗಿಸಿದವರು.

ದೇಹ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಕೊಬ್ಬು ಕರಗಿದಂತೆ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಹೆಚ್ಚಾಗುತ್ತದೆ. ಕಣಜ ಬರಿದಾಗುತ್ತಿರುವ ಮನೆಯವರು ಬರಗಾಲದಲ್ಲಿ ಮಾಡುವುದನ್ನೇ ದೇಹವೂ ಮಾಡುತ್ತದೆ: ಖರ್ಚು ಬಿಗಿ ಮಾಡುತ್ತದೆ, ಸಿಕ್ಕಿದ್ದನ್ನೆಲ್ಲ ಕೂಡಿಡುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಮಂದಿಗೆ 10 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಇದರ ಜೊತೆಗೆ, 68 ಕೆ.ಜಿ.ಯ ದೇಹವನ್ನು ನಡೆಸಲು 82 ಕೆ.ಜಿ.ಯ ದೇಹಕ್ಕೆ ಬೇಕಾಗುವಷ್ಟು ಆಹಾರ ಬೇಕಾಗುವುದಿಲ್ಲ. ಅಂದರೆ ನೀವು ಅತಿಯಾಗಿ ತಿನ್ನಬೇಕಾಗಿಯೇ ಇರಲಿಲ್ಲ. ಪಥ್ಯ ಮುಗಿಯಿತೆಂದು ಹಳೆಯ ಊಟಕ್ಕೆ ಮರಳಿದರೆ ಸಾಕಾಗಿತ್ತು, ತೂಕ ತಾನಾಗಿಯೇ ಏರುತ್ತಿತ್ತು.

ಆದ್ದರಿಂದ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಮತ್ತೆ ಹೇಗೆ ಶುರು ಮಾಡಲಿ’ ಎಂಬುದಲ್ಲ, ‘ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಅದು ಕೈ ತಪ್ಪಿತು’ ಎಂಬುದು. ನಿಮ್ಮ ಪತ್ರದಲ್ಲೇ ಉತ್ತರ ಇದೆ. ರೋಗಿಯ ಆರೈಕೆ ಮಾಡುವ ಮನೆಗಳಲ್ಲಿ ರಾತ್ರಿ ನಿದ್ರೆ ಮುರಿಯುತ್ತದೆ, ನಿದ್ರೆ ಕಡಿಮೆಯಾದಾಗ ಹಸಿವು ಹೆಚ್ಚುತ್ತದೆ. ಎಲ್ಲರಿಗೂ ಬಡಿಸಿ, ರೋಗಿಗೆ ಉಣ್ಣಿಸಿ, ಹತ್ತೂವರೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಪಾತ್ರೆಯಲ್ಲಿ ಉಳಿದ ಅನ್ನಕ್ಕೆ ಸಾರು ಕಲಸಿ ಮುಗಿಸುವ ಊಟವನ್ನು ಯಾವ ಹೆಂಗಸೂ ನನಗೆ ಲೆಕ್ಕ ಕೊಡುವಾಗ ಸೇರಿಸುವುದಿಲ್ಲ. ಕೆದಕಿ ಕೇಳಿದರೆ ಮಾತ್ರ ಹೇಳುತ್ತಾರೆ. ಬೇಸಾಯದ ಮನೆಯಿರಲಿ, ನೌಕರಿಯ ಮನೆಯಿರಲಿ, ಕಾಯಿಲೆ, ಮದುವೆ, ಪರೀಕ್ಷೆ, ಹಬ್ಬ ಇವೆಲ್ಲ ಬಂದೇ ಬರುತ್ತವೆ. ಅಂಥ ತಿಂಗಳಲ್ಲಿ ನಡೆಸಲಾಗದ ಪಥ್ಯ, ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿದ್ದ ಏಳು ತಿಂಗಳಿಗೆ ಮಾತ್ರ ಹೊಂದುವ ಪಥ್ಯ. ಅದೇ ಪಥ್ಯಕ್ಕೆ ಮರಳಬೇಡಿ. ನಿಮ್ಮ ಮನಸ್ಸು ಏಳದಿರುವುದಕ್ಕೂ ಇದೇ ಕಾರಣ ಎಂಬುದು ನನ್ನ ಅಭಿಪ್ರಾಯ: ರಾತ್ರಿ ಸೌತೆಕಾಯಿಯ ಆ ಹಸಿವು ಹೇಗಿತ್ತೆಂಬುದು ನಿಮಗೆ ನೆನಪಿದೆ, ಕೊನೆಗೆ ಏನಾಯಿತೆಂಬುದೂ ನೆನಪಿದೆ. ಅದನ್ನು ಇನ್ನೊಮ್ಮೆ ಮಾಡಲು ಮನಸ್ಸು ನಿರಾಕರಿಸುವುದು ಸೋಮಾರಿತನವಲ್ಲ, ವಿವೇಕ.

ಶುರು ಮಾಡುವ ಮೊದಲು ಎರಡು ಕೆಲಸಗಳನ್ನು ಮಾಡಲೇಬೇಕು, ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನು ವೈದ್ಯರಿಗೆ ತೋರಿಸಿ. ಸ್ಟೀರಾಯ್ಡ್, ಇನ್ಸುಲಿನ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಔಷಧಗಳು ತೂಕ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಯಾರೇ ಆಗಲಿ, ವೈದ್ಯರನ್ನು ಕೇಳದೆ ಏಕಾಏಕಿ ಊಟ ಕಡಿತ ಮಾಡಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ಎರಡನೆಯದು ಇನ್ನೂ ಮುಖ್ಯ. ನಿಮಗೆ ಬೇಡವಾಗಿರುವುದು ನಡಿಗೆ ಮಾತ್ರವೋ, ಅಥವಾ ಪಾಠ, ಮಕ್ಕಳು, ಹಬ್ಬ, ನೆಂಟರು ಎಲ್ಲವೂ ಬೇಡವಾಗಿದೆಯೋ ಎಂಬುದನ್ನು ನೋಡಿಕೊಳ್ಳಿ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ರೆ ಕೆಟ್ಟು, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದು ಖಿನ್ನತೆ ಇರಬಹುದು; ಅದಕ್ಕೆ ಬೇಕಾಗಿರುವುದು ಸ್ಫೂರ್ತಿಯಲ್ಲ, ಚಿಕಿತ್ಸೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು.

ಇನ್ನು ಕ್ರಮದ ಮಾತು. ಮೊದಲ ಎಂಟು ವಾರ ತೂಕ ಇಳಿಸಬೇಡಿ. 80 ಇದ್ದದ್ದು 80 ಆಗಿಯೇ ಇರಲಿ, ಏರದಿದ್ದರೆ ಸಾಕು. ಇದನ್ನು ಕೇಳಿ ನನ್ನ ರೋಗಿಗಳು ಬೇಸರಪಡುತ್ತಾರೆ, ಆದರೂ ನಾನು ಬದಲಿಸುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 267 ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಮೊದಲ 8 ವಾರ ತೂಕವನ್ನು ಇದ್ದಲ್ಲೇ ನಿಲ್ಲಿಸುವುದನ್ನು ಕಲಿತು, ನಂತರ 20 ವಾರ ಇಳಿಸಿದರು. ಇನ್ನೊಂದು ಗುಂಪಿನವರು ಎಲ್ಲರೂ ಮಾಡುವಂತೆ ಮೊದಲು ಇಳಿಸಿ, ಕೊನೆಯ 8 ವಾರ ಕಾಪಾಡಿಕೊಳ್ಳುವುದನ್ನು ಕಲಿತರು. ಎರಡೂ ಗುಂಪಿನವರು ಇಳಿಸಿದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣ. ಒಂದು ವರ್ಷದ ನಂತರ ಮೊದಲ ಗುಂಪಿನವರಲ್ಲಿ ಮರಳಿ ಬಂದದ್ದು ಸರಾಸರಿ ಒಂದೂವರೆ ಕೆ.ಜಿ.ಯಷ್ಟು, ಎರಡನೆಯ ಗುಂಪಿನವರಲ್ಲಿ ಮೂರು ಕೆ.ಜಿ.ಗೂ ಹೆಚ್ಚು. ನೀವು ಇಳಿಸುವುದನ್ನು ಬಲ್ಲಿರಿ, ಅದನ್ನು ಮಾಡಿ ತೋರಿಸಿದ್ದೀರಿ. ನಿಮಗೆ ಯಾರೂ ಕಲಿಸದೇ ಇದ್ದದ್ದು ನಿಲ್ಲಿಸಿಕೊಳ್ಳುವುದನ್ನು.

ಈ ಎಂಟು ವಾರದಲ್ಲಿ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚದ ನಂತರ ತೂಕ ನೋಡಿ ಬರೆದಿಡಿ. ಒಂದು ಕೆ.ಜಿ. ಆಚೀಚೆ ಆದರೆ ಅದು ನೀರು, ಗಾಬರಿಯಾಗಬೇಡಿ. ಎರಡು ಕೆ.ಜಿ. ಏರಿದರೆ ಆ ವಾರ ಏನಾಯಿತೆಂದು ಬರೆಯಿರಿ. ಮುದ್ದೆಯನ್ನು ಮರಳಿ ತಟ್ಟೆಗೆ ತನ್ನಿ. ರಾಗಿ ತಿಂದರೆ ಸಣ್ಣಗಾಗುತ್ತೇವೆ ಎನ್ನುವುದೂ, ಅನ್ನ ಬಿಟ್ಟರೆ ಮಾತ್ರ ಸಣ್ಣಗಾಗುತ್ತೇವೆ ಎನ್ನುವುದೂ ಎರಡೂ ತಪ್ಪು: 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ರಾಗಿಯಲ್ಲಿ ನಾರು ಹೆಚ್ಚಿರುವುದರಿಂದ ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತದೆ, ಅಷ್ಟು ಮಟ್ಟಿಗೆ ಅನುಕೂಲ. ಮುದ್ದೆ ಚಿಕ್ಕದಾಗಲಿ, ಉಪ್ಸಾರು ಬಸ್ಸಾರಿನಲ್ಲಿ ಸೊಪ್ಪು, ಹೆಸರುಕಾಳು, ಹುರುಳಿ, ಅವರೆಕಾಳು ಹೆಚ್ಚಲಿ, ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ ಇರಲಿ. ಬರೀ ಸೌತೆಕಾಯಿ ತಿಂದು ಇಳಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ, ಮರಳಿ ಬರುವಾಗ ಹೆಚ್ಚಾಗಿ ಕೊಬ್ಬೇ ಬರುತ್ತದೆ.

ಎಣ್ಣೆಯನ್ನು ಅಳೆಯಿರಿ. ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ನೇರವಾಗಿ ಬಾಣಲೆಗೆ ಸುರಿಯುವವರಿಗೆ ತಾವು ಎಷ್ಟು ಹಾಕಿದೆವೆಂಬುದು ತಿಳಿಯುವುದೇ ಇಲ್ಲ. ಒಂದು ಸಣ್ಣ ಚಮಚ, ಅಂದರೆ 5 ಮಿಲಿ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇದೆ. ಚಟ್ನಿಯ ಒಗ್ಗರಣೆ, ಪಲ್ಯದ ಒಗ್ಗರಣೆ, ಚಿತ್ರಾನ್ನದ ಒಗ್ಗರಣೆ ಸೇರಿದರೆ ನೀವು ಒಂದು ಗಂಟೆ ನಡೆದದ್ದು ಅಲ್ಲಿಗೇ ಹೋಯಿತು. ತಿಪಟೂರು ಇರುವ ಜಿಲ್ಲೆಯಲ್ಲಿ ಕೊಬ್ಬರಿಗೂ ಇದೇ ಮಾತನ್ನು ಹೇಳುವುದು ಕಷ್ಟ, ಆದರೆ ಹೇಳಲೇಬೇಕು.

ನಡಿಗೆಗೆ ಒಂದು ಗಂಟೆ ಸಿಗುವ ತನಕ ಕಾಯಬೇಡಿ. ಶಾಲೆಯ ವರಾಂಡದಲ್ಲಿ ಊಟದ ನಂತರ ಹತ್ತು ನಿಮಿಷ, ಸಂಜೆ ಮನೆಯ ಬೀದಿಯಲ್ಲಿ ಹತ್ತು ನಿಮಿಷ ಸಾಕು. ಅತ್ತೆಯವರನ್ನು ನೋಡಿಕೊಳ್ಳಬೇಕಾದ ದಿನವೂ ಅಷ್ಟು ನಡೆಯುತ್ತದೆ, ಹಾಗಾಗಿಯೇ ಅಷ್ಟು ಹೇಳುತ್ತಿದ್ದೇನೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಎರಡು ಸಲ, ಹತ್ತು ಹತ್ತು ಬಾರಿ ಮಾಡಿ. ಮಂಡಿ ನೋವಿದ್ದರೆ ಕುರ್ಚಿ ಎತ್ತರವಿರಲಿ. ವಾರಕ್ಕೆ 150 ನಿಮಿಷದ ನಡಿಗೆಗೆ ನಿಧಾನವಾಗಿ ತಲುಪಬಹುದು. ಎಂಟು ವಾರದ ನಂತರ ಇಳಿಸುವ ಗುರಿಯೂ 68 ಅಲ್ಲ. ಆರು ತಿಂಗಳಲ್ಲಿ ನಾಲ್ಕು ಕೆ.ಜಿ., ಅಂದರೆ ನೂರಕ್ಕೆ ಐದು ಪಾಲು. ಇದು ಅಲ್ಪವೆಂದು ಮೂಗು ಮುರಿಯಬೇಡಿ. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಏಳು ಪಾಲು ತೂಕ ಇಳಿಸುವ ಗುರಿ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮದಿಂದ ಮಧುಮೇಹ ಬರುವ ಸಂಭವ ಶೇ 58ರಷ್ಟು ತಗ್ಗಿತ್ತು. ನಮ್ಮ ಪಕ್ಕದ ಚೆನ್ನೈಯಲ್ಲಿ ನಡೆದ 2006ರ ಅಧ್ಯಯನದಲ್ಲೂ ಊಟ, ನಡಿಗೆಯ ಬದಲಾವಣೆಯಿಂದ ಶೇ 28.5ರಷ್ಟು ತಗ್ಗಿದೆ.

ನಿಮ್ಮ ಗೆಳತಿಯರ ವಿಷಯ. ಅವರಲ್ಲಿ ಒಬ್ಬರಿಗೆ ಮಾತ್ರ ಫೋನ್ ಮಾಡಿ, ‘ಇಪ್ಪತ್ತು ನಿಮಿಷ ಬರುತ್ತೇನೆ, ತೂಕದ ಮಾತು ಬೇಡ’ ಎಂದು ಹೇಳಿ. ಇದನ್ನು ಓದುತ್ತಿರುವ ಗಂಡಂದಿರಿಗೂ ನೆಂಟರಿಗೂ ನನ್ನದೊಂದು ಮಾತಿದೆ: ಮದುವೆ ಮನೆಯಲ್ಲಿ ಎಲ್ಲರ ಎದುರು ‘ಮತ್ತೆ ದಪ್ಪ ಆಗಿಬಿಟ್ರಲ್ಲ’ ಎನ್ನುವುದನ್ನು ನಿಲ್ಲಿಸಿ. ಆ ಮಾತಿನಿಂದ ಯಾರೂ ಸಣ್ಣಗಾದದ್ದನ್ನು ನಾನು ಕಂಡಿಲ್ಲ, ವೈದ್ಯರ ಹತ್ತಿರ ಬರುವುದನ್ನೇ ಬಿಟ್ಟವರನ್ನು ಕಂಡಿದ್ದೇನೆ. ಮನೆಯ ಹೆಂಗಸಿಗೆ ದಿನಕ್ಕೆ ಇಪ್ಪತ್ತು ನಿಮಿಷ ಬಿಡುವು ಸಿಗುವಂತೆ ರೋಗಿಯ ಪಕ್ಕದಲ್ಲಿ ನೀವು ಕುಳಿತರೆ ಅದು ನನ್ನ ಚೀಟಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಪ್ರಶ್ನೆ: ನಮ್ಮೂರಿನ ಒಂದು ಸೆಂಟರಿನಲ್ಲಿ ಪುಡಿ ಕುಡಿದು 6 ಕೆ.ಜಿ. ಇಳಿದೆ. ಬಿಟ್ಟ ಮೇಲೆ 8 ಕೆ.ಜಿ. ಬಂತು. ಮತ್ತೆ ಸೇರಲು ಕರೆಯುತ್ತಿದ್ದಾರೆ. (ಗುಬ್ಬಿ)

ಉತ್ತರ: ಸೇರಬೇಡಿ. ಜೀವಮಾನವಿಡೀ ಕುಡಿಯಲಾಗದ ಪುಡಿ ಜೀವಮಾನವಿಡೀ ಕಾಪಾಡುವುದಿಲ್ಲ. ಲೇಬಲ್ ಇಲ್ಲದ ಡಬ್ಬಿಯಾಗಿದ್ದರೆ ಮುಟ್ಟಲೇಬೇಡಿ; ಹೃದಯಕ್ಕೆ ಅಪಾಯವೆಂದು ಭಾರತದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮಿನ್ ಎಂಬ ಔಷಧವನ್ನು ‘ಗಿಡಮೂಲಿಕೆ’ಯ ಹೆಸರಿನ ಪುಡಿಗಳಲ್ಲಿ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ‘ಸೈಡ್ ಎಫೆಕ್ಟ್ ಇಲ್ಲ’ ಎಂದು ಭರವಸೆ ಕೊಡುವವರನ್ನು ಅವರ ಓದು ಏನೆಂದು ಕೇಳಿ.

ಪ್ರಶ್ನೆ: ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಬಂದಿದೆಯಂತೆ. ತೂಕ ಇಳಿದ ಮೇಲೆ ನಿಲ್ಲಿಸಬಹುದೇ? (ತುಮಕೂರು)

ಉತ್ತರ: 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಈ ಇಂಜೆಕ್ಷನ್‌ಗಳು ಕೆಲಸ ಮಾಡುತ್ತವೆ, ಅವನ್ನು ನಾನೂ ಬರೆದುಕೊಡುತ್ತೇನೆ. ಆದರೆ ಇವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಅಷ್ಟರೊಳಗೆ ಮರಳಿತ್ತು. ಆದ್ದರಿಂದ ಮದುವೆಗೆ ಮೂರು ತಿಂಗಳಿದೆ ಎಂದು ಕೇಳಿಕೊಂಡು ಬರುವವರಿಗೆ ಇದನ್ನು ಕೊಡುವುದಿಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರು, ಮನೆತನದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಚೀಟಿ ಕೇಳದೆ ಮಾರುವ ಅಂಗಡಿಯಿಂದ ಈಗಾಗಲೇ ತಂದು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದರೆ ಚುಚ್ಚಿಕೊಳ್ಳಬೇಡಿ, ಬಿಲ್ಲಿನ ಸಮೇತ ನಿಮ್ಮ ವೈದ್ಯರ ಹತ್ತಿರ ತೆಗೆದುಕೊಂಡು ಹೋಗಿ.